ಐವತ್ತೈದು ಕಿಲೋದ ಹಿಡಿಕೆ

ಶವಪೆಟ್ಟಿಗೆಯ ಹಿಡಿಕೆ ಚೆನ್ನಾಗಿದೆಯೋ ಇಲ್ಲವೋ ಎಂಬ ಚಿಂತೆ ಒಳಗೆ ಮಲಗಿದವನಿಗೆ ಇರುವುದಿಲ್ಲ. ಚಿಂತೆಯೆಲ್ಲ ಹೊರುವವರದು, ಅವರಿಗಿಂತ ಹೆಚ್ಚಾಗಿ ಪಕ್ಕದಲ್ಲಿ ನಿಂತು ನೋಡುವವರದು. ಎರಕದ ಶೆಡ್ಡಿನ ಯಜಮಾನ ಈ ಮಾತನ್ನು ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದ, ಹೇಳಿ ತಾನೇ ಮೊದಲು ನಗುತ್ತಿದ್ದ. ಹದಿನಾಲ್ಕು ವರ್ಷದಿಂದ ಅವನಲ್ಲಿ ಹಿಡಿಕೆಗಳಿಗೆ ಮರದ ಅಚ್ಚು ಕೆತ್ತುತ್ತಿದ್ದ ಅಚ್ಚಿನಮ್ಮನಿಗೆ ಆ ಮಾತೂ ಆ ನಗುವೂ ಬಾಯಿಪಾಠವಾಗಿ ಹೋಗಿದ್ದವು.

ಅವಳು ಕೆತ್ತಿದ ಅಚ್ಚನ್ನು ಒದ್ದೆ ಮರಳಿಗೆ ಒತ್ತುತ್ತಿದ್ದರು. ಗುಳಿ ಬಿದ್ದ ಜಾಗಕ್ಕೆ ಕರಗಿಸಿದ ಅಲ್ಯೂಮಿನಿಯಂ ಹೊಯ್ಯುತ್ತಿದ್ದರು. ಆರಿದ ಮೇಲೆ ಅರದಿಂದ ಉಜ್ಜಿ, ಮೇಲೊಂದು ಬಂಗಾರದ ಬಣ್ಣ ಬಳಿದರೆ ಮುಗಿಯಿತು. ದೂರದಿಂದ ನೋಡಿದರೆ ಹಿತ್ತಾಳೆ, ಹತ್ತಿರದಿಂದ ನೋಡಿದರೆ ಯಾರದೋ ಮನೆಯ ಹಳೇ ಪಾತ್ರೆ. ಸಾವಿನ ಮನೆಯಲ್ಲಿ ಅಷ್ಟು ಹತ್ತಿರದಿಂದ ನೋಡುವ ವ್ಯವಧಾನ ಯಾರಿಗಿರುತ್ತದೆ? ಬಡವರ ಮನೆಯ ಸಾವಿಗೂ ನಾಲ್ಕು ಎಲೆ, ಎರಡು ಹೂವು ಇರಲಿ ಎಂದು ಅಚ್ಚಿನಮ್ಮ ಒಂದೊಂದು ಬಳ್ಳಿಯನ್ನೂ ಜೀವ ತುಂಬಿ ಕೆತ್ತುತ್ತಿದ್ದಳು. ಯಜಮಾನ ಮಾತ್ರ ಮೂಗಿಗಿಂತ ಮೂಗುತಿ ಭಾರವಾಯಿತು ಎಂದು ಗೊಣಗುತ್ತಿದ್ದ.

ಆ ಶೆಡ್ಡಿನಲ್ಲಿ ಯಾರೂ ಮೀರದ ಒಂದು ಕಟ್ಟಳೆ ಇತ್ತು. ಪೆಟ್ಟಿಗೆಗೆ ಹಿಡಿಕೆ ಆರು, ನಿಜ. ಆದರೆ ಆರರಲ್ಲಿ ಪ್ರತಿಯೊಂದೂ ಒಂಟಿಯಾಗಿಯೇ ಪೂರ್ತಿ ಭಾರ ತಡೆಯಬೇಕು. ಯಜಮಾನನ ಅಪ್ಪನ ಕಾಲದಲ್ಲಿ ಮೂರನೇ ಮಹಡಿಯ ಕಿರಿದಾದ ಮೆಟ್ಟಿಲಲ್ಲಿ ಪೆಟ್ಟಿಗೆ ಇಳಿಸುವಾಗ ಹೊತ್ತವರಲ್ಲಿ ಐವರು ಜಾರಿದರಂತೆ. ಉಳಿದ ಒಬ್ಬನ ಕೈಯಲ್ಲಿ ಬರೀ ಹಿಡಿಕೆ ಉಳಿಯಿತಂತೆ. ಪೆಟ್ಟಿಗೆ ಎಲ್ಲಿಗೆ ಹೋಯಿತು ಎಂಬುದನ್ನು ಅಪ್ಪ ಸಾಯುವವರೆಗೂ ಬಾಯಿಬಿಟ್ಟು ಹೇಳಲಿಲ್ಲ. ಅಂದಿನಿಂದ ಹೊಸ ಹಿಡಿಕೆ ಬಂದಾಗಲೆಲ್ಲ ಅದನ್ನು ತೊಲೆಗೆ ಬಿಗಿದು, ಕೆಳಗೆ ಕಬ್ಬಿಣದ ಬುಟ್ಟಿ ತೂಗುಹಾಕಿ, ಮುರಿಯುವ ತನಕ ತೂಕದ ಕಲ್ಲು ಹೇರುವುದು ರೂಢಿ. ಆದ್ದರಿಂದ ಯಾವ ಗಿರಾಕಿ ಬಂದರೂ ಅಚ್ಚಿನಮ್ಮನ ಮೊದಲ ಪ್ರಶ್ನೆ ಒಂದೇ: ಎಷ್ಟು ಭಾರ?

ಬಿಳಿಕಲ್ಲಿನ ಕಾರ್ಖಾನೆಯ ಕ್ಷೇಮಾಧಿಕಾರಿ ಬಂದಾಗಲೂ ಅದನ್ನೇ ಕೇಳಿದಳು. ಕಲ್ಲು ಅರೆದು ಹಿಟ್ಟು ಮಾಡುವ ಕಾರ್ಖಾನೆ ಅದು. ಅವಳ ಸ್ವಂತ ತಮ್ಮ ಎರಡು ವರ್ಷದಿಂದ ಅಲ್ಲೇ ಅರೆಯುವ ವಿಭಾಗದಲ್ಲಿದ್ದ. ಅಧಿಕಾರಿ ಮೆದು ಮಾತಿನ ಮನುಷ್ಯ. ಕುರ್ಚಿಯನ್ನು ಕರವಸ್ತ್ರದಿಂದ ಒರೆಸಿ, ಆ ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟು, ಆಮೇಲೆ ಕುಳಿತ.

"ನಮ್ಮ ಕೆಲಸಗಾರರಿಗೆ ಇದೊಂದು ಹೊಸ ಸವಲತ್ತು," ಎಂದ. "ಯಾರಾದ್ರೂ ತೀರಿಕೊಂಡ್ರೆ ಪೆಟ್ಟಿಗೆ ನಮ್ಮದೇ. ಮನೆಯವರು ಅಲೆದಾಡೋದು ಬೇಡ. ಹಿಡಿಕೆ ಅಗ್ಗವಾಗಿರ್ಬೇಕು, ಆದ್ರೆ ನೋಡಿದವ್ರಿಗೆ ಅಗ್ಗ ಅನ್ನಿಸಬಾರ್ದು. ನೂರಾ ನಲವತ್ತು ಸೆಟ್. ಮೊದಲ ನಲವತ್ತು ಸೆಟ್ ಮೂರು ತಿಂಗಳಲ್ಲಿ ಬೇಕು."

"ಧಾರಾಳವಾಗಿ, ಸಾರ್!" ಎಂದ ಯಜಮಾನ. ಅವನಿಗೆ ಕೂತಲ್ಲೇ ಹಬ್ಬ.

"ಎಷ್ಟು ಭಾರ, ಸಾರ್?" ಎಂದಳು ಅಚ್ಚಿನಮ್ಮ.

ಅಧಿಕಾರಿ ಕಿಸೆಯಿಂದ ಪುಟ್ಟ ಪುಸ್ತಕ ತೆಗೆದು, ಬೆರಳಿನಿಂದ ಒಂದು ಸಾಲನ್ನು ಹಿಡಿದು ಓದಿದ. "ಪೆಟ್ಟಿಗೆ ಸೇರಿ ಐವತ್ತೈದು ಕಿಲೋ."

"ಮಕ್ಕಳ ಪೆಟ್ಟಿಗೆನಾ?"

"ಇಲ್ಲಮ್ಮ. ಆರಡಿ ಉದ್ದ."

ತೆಳು ಹಲಗೆಯ ಪೆಟ್ಟಿಗೆಗೇ ಹದಿನೈದು ಕಿಲೋ. ಉಳಿದದ್ದು ನಲವತ್ತು. ಆರಡಿ ಪೆಟ್ಟಿಗೆಯಲ್ಲಿ ನಲವತ್ತು ಕಿಲೋದ ಗಂಡಸು! ಎಲ್ಲೋ ತಪ್ಪು ಬರೆದುಕೊಂಡಿದ್ದಾನೆ ಎಂದುಕೊಂಡಳು. "ಸಾರ್, ಎಪ್ಪತ್ತು ಎಂಬತ್ತು ಕಿಲೋ ಇರೋರು ಇರ್ತಾರಲ್ಲ, ಅವ್ರನ್ನ ಇದ್ರಲ್ಲಿ ಎತ್ತಿದ್ರೆ ಕಿತ್ಕೊಂಡು ಬರುತ್ತೆ," ಎಂದಳು.

"ಅಂಥವ್ರು ಇರಲ್ಲಮ್ಮ," ಎಂದು ಅಧಿಕಾರಿ ಪುಸ್ತಕ ಮುಚ್ಚಿದ. "ನಮ್ಮಲ್ಲಿ ಪ್ರತಿ ತಿಂಗಳೂ ಎಲ್ಲರ ತೂಕ ನೋಡ್ತೀವಿ."

ಅವನು ಹೋದ ಮೇಲೆ ಯಜಮಾನ ಕೈಕೈ ಉಜ್ಜಿಕೊಂಡ. ಭಾರ ಅರ್ಧಕ್ಕರ್ಧ ಇಳಿದರೆ ಲೋಹವೂ ಅರ್ಧ, ಹಾವೂ ಸಾಯುತ್ತೆ ಕೋಲೂ ಮುರಿಯಲ್ಲ ಎಂದ. ಅಚ್ಚಿನಮ್ಮನಿಗೆ ಆ ಐವತ್ತೈದು ತಲೆಯಿಂದ ಹೋಗಲಿಲ್ಲ. ಆದರೂ ಕೈ ಸುಮ್ಮನಿರಬೇಕಲ್ಲ, ಅವತ್ತೇ ಮರದ ತುಂಡು ಹಿಡಿದು ಕೂತಳು.

ಮುಂದಿನ ಭಾನುವಾರ ತಮ್ಮ ಬಂದ. ಅವನನ್ನು ಎಲ್ಲರೂ ಕರೆಯುತ್ತಿದ್ದುದು ಗುಂಡ ಎಂದು. ಕಾರ್ಖಾನೆಯ ವಸತಿಯಲ್ಲಿದ್ದು ವಾರಕ್ಕೊಮ್ಮೆ ಅಕ್ಕನ ಮನೆಗೆ ಬಂದು, ಮನೆ ತುಂಬ ಗದ್ದಲ ಮಾಡಿ ಹೋಗುತ್ತಿದ್ದ. ಕಾರ್ಖಾನೆ ಕೊಟ್ಟ ದಪ್ಪ ಜಾಕೆಟ್ಟನ್ನು ಬೇಸಿಗೆಯಲ್ಲೂ ಬಿಚ್ಚುತ್ತಿರಲಿಲ್ಲ. ಎರಡು ತಿಂಗಳ ಹಿಂದೆ ಅವನು ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆಯುತ್ತಿದ್ದಾಗ ಅಕ್ಕ "ಈಗ ನೋಡು, ಮನುಷ್ಯನ ಥರ ಕಾಣ್ತೀಯ" ಎಂದು ಹೊಗಳಿದ್ದಳು. ಆ ಮಾತು ಈಗ ನೆನಪಾಗಿ ಅವಳಿಗೆ ತನ್ನ ನಾಲಿಗೆಯ ಮೇಲೆಯೇ ಸಿಟ್ಟು ಬಂತು. ಬಿಟ್ಟುಬಿಟ್ಟು ಕೆಮ್ಮುತ್ತಿದ್ದ ತಮ್ಮನನ್ನು ತಟ್ಟೆಯ ಮುಂದೆ ಕೂರಿಸಿ ನೋಡಿದಳು. ಎರಡು ತುತ್ತು ತಿಂದು, ಉಳಿದದ್ದನ್ನು ಮಾತಿನಲ್ಲಿ ಮರೆಸಿದ.

"ಎಷ್ಟು ತೂಕ ಇದೀಯೋ?"

"ಎಪ್ಪತ್ತೆಂಟು," ಎಂದು ಗುಂಡ ಕಿಸೆಯಿಂದ ಹಳದಿ ಚೀಟಿ ತೆಗೆದು ಹರಡಿದ. "ನೋಡ್ಕೋ, ಸೀಲೂ ಇದೆ. ನಿನ್ ತಮ್ಮ ಅಂದ್ರೆ ಏನ್ ಅಂದ್ಕೊಂಡಿದೀಯ, ಬಂಡೆ!"

ಚೀಟಿಯಲ್ಲಿ ಹದಿನೈದು ತಿಂಗಳ ಸಾಲುಗಳಿದ್ದವು. ಎಲ್ಲದರಲ್ಲೂ ಎಪ್ಪತ್ತೆಂಟು. ಒಮ್ಮೆಯೂ ಎಪ್ಪತ್ತೇಳಿಲ್ಲ, ಎಪ್ಪತ್ತೊಂಬತ್ತಿಲ್ಲ.

"ತಕ್ಕಡಿ ಮುಳ್ಳು ನೀನೇ ನೋಡ್ತೀಯಾ?"

"ಮುಳ್ಳು ಅವ್ರ ಕಡೆಗಿರುತ್ತೆ ಕಣೇ. ನಾವು ಹತ್ತಿ ನಿಲ್ತೀವಿ, ಅವ್ರು ಪುಸ್ತಕದಲ್ಲಿ ಒಂದು ಬರ್ಕೋತಾರೆ, ಚೀಟೀಲಿ ಒಂದು ಬರ್ಕೊಡ್ತಾರೆ. ನೂರಾ ನಲವತ್ತು ಜನ ಅಕ್ಕ ನಮ್ ವಿಭಾಗದಲ್ಲಿ, ಒಬ್ಬೊಬ್ರೂ ಬಗ್ಗಿ ನೋಡ್ತಾ ನಿಂತ್ರೆ ಕೆಲಸ ಆದ ಹಾಗೇ!"

ನೂರಾ ನಲವತ್ತು ಎಂಬುದು ಕಿವಿಗೆ ಬಿದ್ದದ್ದೇ ಅವಳಿಗೆ ಅಧಿಕಾರಿ ಕೇಳಿದ ಸೆಟ್ಟುಗಳ ಲೆಕ್ಕ ನೆನಪಾಯಿತು. ಕೆಲಸ ಬಿಟ್ಟುಬಿಡು, ಬೇರೆ ಡಾಕ್ಟರಿಗೆ ತೋರಿಸೋಣ ಎಂದು ಗೋಗರೆದಳು. ಹಿಡಿಕೆಯ ವಿಷಯವನ್ನೂ, ಆ ಐವತ್ತೈದನ್ನೂ ಹೇಳಿದಳು. ಗುಂಡ ಹೊಟ್ಟೆ ಹಿಡಿದು ನಕ್ಕ. "ಪೆಟ್ಟಿಗೆ ಮಾಡಿಮಾಡಿ ನಿಂಗೆ ಎಲ್ರೂ ಹೆಣದ ಥರಾನೇ ಕಾಣ್ತಾರೆ. ಬರೋ ತಿಂಗಳು ನನ್ನ ಮೇಸ್ತ್ರಿ ಮಾಡ್ತಾರಂತೆ. ಈಗ ಬಿಟ್ರೆ ನನ್ನಂಥ ಕತ್ತೆ ಇನ್ನೊಬ್ಬ ಇರಲ್ಲ." ನಗುತ್ತಾ ನಗುತ್ತಾ ಕೆಮ್ಮು ಹತ್ತಿ, ಗೋಡೆ ಹಿಡಿದು ಸುಧಾರಿಸಿಕೊಂಡ.

ಅಚ್ಚಿನಮ್ಮ ಮತ್ತೆ ಆ ಚೀಟಿ ತೆಗೆದು ನೋಡಿದಳು. ನಿಜ ಹೇಳಬೇಕೆಂದರೆ ಅವಳಿಗೂ ಅದನ್ನು ನಂಬುವ ಆಸೆಯಿತ್ತು. ಸೀಲು, ಸಹಿ, ದುಂಡನೆಯ ಅಕ್ಷರ. ಶೆಡ್ಡಿನ ತಕ್ಕಡಿಯ ಮೇಲೆ ಹತ್ತಿಸಿ ನೋಡೋಣ ಎಂದು ಒಮ್ಮೆ ಅನ್ನಿಸಿತು. ನೋಡಿಬಿಟ್ಟರೆ ಆಮೇಲೆ ನೋಡಲಿಲ್ಲ ಎನ್ನಲಾಗುವುದಿಲ್ಲವಲ್ಲ ಎಂದು ಹೆದರಿ, ಚೀಟಿ ಮಡಿಸಿ ಅವನ ಕಿಸೆಗೇ ತುರುಕಿದಳು. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರೆ, ಆ ಕತ್ತಲೆಯನ್ನು ನಾವೇ ಬೇಕಂತ ಇಟ್ಟುಕೊಳ್ಳುವುದೂ ಉಂಟು.

ಇತ್ತ ಹಿಡಿಕೆ ಸಿದ್ಧವಾಯಿತು. ಎಲೆಯ ಬಳ್ಳಿಯನ್ನು ಮುಂದೆ ಉಬ್ಬಿಸಿ, ಬೆನ್ನನ್ನು ಟೊಳ್ಳು ಮಾಡಿ, ಬೆರಳು ತಾಗುವ ಕಡೆ ಮಾತ್ರ ದಪ್ಪ ಬಿಟ್ಟಿದ್ದಳು. ಹದಿನಾಲ್ಕು ವರ್ಷದಲ್ಲಿ ಅವಳು ಕೆತ್ತಿದ್ದರಲ್ಲೆಲ್ಲ ಇದೇ ಚಂದ. ಅದು ಗೊತ್ತಾಗಿ ಅವಳಿಗೆ ಸಂತೋಷವೂ ಆಯಿತು, ಸಂತೋಷವಾಯಿತಲ್ಲ ಎಂದು ಮೈ ಉರಿದೂ ಹೋಯಿತು. ಮೂರು ಹಿಡಿಕೆಗಳನ್ನು ಒಂದಾದ ಮೇಲೊಂದು ತೊಲೆಗೆ ಬಿಗಿದು ಬುಟ್ಟಿ ತೂಗುಹಾಕಿದರು. ಐವತ್ತೈದಕ್ಕೆ ಮೂರೂ ಜಪ್ಪಯ್ಯ ಎನ್ನಲಿಲ್ಲ. ಮೊದಲನೆಯದು ಅರವತ್ತಕ್ಕೆ ಮುರಿಯಿತು, ಎರಡನೆಯದು ಅರವತ್ತೊಂದಕ್ಕೆ, ಮೂರನೆಯದು ಮತ್ತೆ ಅರವತ್ತಕ್ಕೆ. ಯಜಮಾನ ಅದನ್ನು ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದು, ಹೇಳಿ ಮಾಡಿಸಿದ ಹಾಗಿದೆ ಎಂದ. ಹೇಳಿಯೇ ಮಾಡಿಸಿದ್ದು, ಅದನ್ನು ಅವನಿಗೆ ಯಾರು ನೆನಪಿಸುವುದು.

ಮಾದರಿ ಒಪ್ಪಿಕೊಳ್ಳಲು ಅಧಿಕಾರಿ ಬುಧವಾರ ಮಧ್ಯಾಹ್ನ ಬಂದ. ಬಂದವನ ಹಿಂದೆ, ಮಾದರಿ ಪೆಟ್ಟಿಗೆಯ ಒಂದು ಹಲಗೆಯನ್ನು ಹೊತ್ತುಕೊಂಡು ಗುಂಡನೂ ಬಂದ. ಹಲಗೆ ಇಳಿಸಿ ಏದುಸಿರು ಬಿಡುತ್ತಾ ಅಕ್ಕನಿಗೆ ಕಣ್ಣು ಹೊಡೆದ.

"ನಮ್ ಸಾಹೇಬ್ರು ನನ್ನೇ ಆರಿಸಿ ಕರ್ಕೊಂಬಂದ್ರು, ನೋಡು. ನಾನೇ ಹೇಳ್ದೆ, ಅದು ನಮ್ಮಕ್ಕನ ಶೆಡ್ಡು ಅಂತ."

ಅಚ್ಚಿನಮ್ಮ ನಾಲ್ಕನೆಯ ಹಿಡಿಕೆಯನ್ನು ತೊಲೆಗೆ ಬಿಗಿದಿದ್ದಳು. ಯಜಮಾನ ಬುಟ್ಟಿಗೆ ಐವತ್ತೈದು ಕಿಲೋ ಹಾಕಿ ತೋರಿಸಿ, ಮತ್ತೆ ಬುಟ್ಟಿ ಸಮೇತ ಇಳಿಸಿದ. ಅಧಿಕಾರಿ ತಲೆದೂಗಿ ಪುಸ್ತಕದಲ್ಲಿ ಏನೋ ಬರೆದುಕೊಂಡ. ಅಲ್ಲಿಗೆ ಎಲ್ಲರೂ ಚಹಾ ಕುಡಿದು ಎದ್ದುಹೋಗಬಹುದಿತ್ತು. ಆದರೆ ಗುಂಡನಿಗೆ ಮೊದಲಿನಿಂದಲೂ ನಾಲ್ಕು ಜನ ಕಂಡರೆ ಸುಮ್ಮನಿರಲಾಗುವುದಿಲ್ಲ.

"ಕಲ್ಲು ಹಾಕಿ ನೋಡೋದು ಏನ್ ಮಹಾ," ಎಂದ. "ಗಂಡಸು ಜೋತು ಬಿದ್ರೆ ತಾನೇ ಗೊತ್ತಾಗೋದು!"

"ಬೇಡ ಕಣೋ!" ಎಂದು ಅಚ್ಚಿನಮ್ಮ ಕೂಗುವುದರೊಳಗೆ ಅವನು ಎರಡೂ ಕೈಯಿಂದ ಹಿಡಿಕೆ ಹಿಡಿದು, ಮೊಣಕಾಲು ಮಡಿಸಿ, ನೆಲ ಬಿಟ್ಟಿದ್ದ.

ಅವಳು ಹಿಡಿಕೆಯ ಕುತ್ತಿಗೆಯನ್ನು ನೋಡಿದಳು. ಮೂರು ಸಲವೂ ಬಿರುಕು ಬಿಟ್ಟದ್ದು ಅಲ್ಲೇ. ಎಪ್ಪತ್ತೆಂಟು ಕಿಲೋ ಬಿದ್ದರೆ ಉಸಿರೆಳೆಯುವುದರೊಳಗೆ ಪಟ್ಟೆಂದು ಮುರಿಯಬೇಕು. ಮುರಿ, ಮುರಿದುಬಿಡು ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ತಮ್ಮ ನೆಲಕ್ಕೆ ಬೀಳಲಿ, ಸೊಂಟ ಉಳುಕಲಿ, ಇಡೀ ಶೆಡ್ಡು ನಗಲಿ, ತಾನೇ ಎಲ್ಲರಿಗಿಂತ ಜೋರಾಗಿ ನಗುತ್ತೇನೆ. ತನ್ನ ಕೈಕೆಲಸ ಕೆಟ್ಟುಹೋಗಲಿ ಎಂದು ಅವಳು ಹಾರೈಸಿದ್ದು ಅದೇ ಮೊದಲು. ಹಿಡಿಕೆ ಒಂದು ಸಣ್ಣ ಸದ್ದನ್ನೂ ಮಾಡಲಿಲ್ಲ. ಬಳ್ಳಿಯ ಎಲೆಗಳ ಮೇಲೆ ಬಂಗಾರದ ಬಣ್ಣ ಹಾಗೇ ಹೊಳೆಯುತ್ತಿತ್ತು. ಗುಂಡ ಒಮ್ಮೆ ಹಿಂದಕ್ಕೂ ಮುಂದಕ್ಕೂ ತೂಗಿಕೊಂಡ. ಆಗಲೂ ಅದು ತಡೆಯಿತು.

"ಅಬ್ಬಾ, ನೋಡಿ ಸಾರ್!" ಎಂದು ಯಜಮಾನ ಚಪ್ಪಾಳೆ ತಟ್ಟಿದ. "ಐವತ್ತೈದು ಕೇಳಿದ್ರಿ, ಇಡೀ ಆಳನ್ನೇ ಹೊರ್ತಾ ಇದೆ!"

ಅಧಿಕಾರಿ ನಗಲಿಲ್ಲ. ಗೋಡೆಯ ಮೇಲಿನ ಸೀಮೆಸುಣ್ಣದ ಅಂಕಿಗಳನ್ನು ನೋಡಿದ, ತೂಗಾಡುತ್ತಿದ್ದ ಗುಂಡನನ್ನು ನೋಡಿದ.

"ಇಳಿಯೋ," ಎಂದಳು ಅಚ್ಚಿನಮ್ಮ.

"ಯಾಕೇ, ನಿನ್ ಹಿಡಿಕೆ ಮುರಿಯುತ್ತೆ ಅಂತ ಭಯಾನಾ?"

ಅವಳು ಹತ್ತಿರ ಹೋಗಿ ಎರಡೂ ಕೈಯಿಂದ ಅವನ ನಡು ಬಳಸಿದಳು. ಹಿಡಿಕೆ ಬಿಡಿಸಿ ನೆಲಕ್ಕೆ ನಿಲ್ಲಿಸಬೇಕೆಂದಷ್ಟೇ ಅವಳ ಉದ್ದೇಶ. ಜಾಕೆಟ್ಟಿನ ಒಳಗೆ ಅವಳ ಕೈಗಳು ಎಷ್ಟು ದೂರ ಹೋದರೂ ಮೈ ಸಿಗಲಿಲ್ಲ. ಸಿಕ್ಕಿದಾಗ ಪಕ್ಕೆಲುಬುಗಳೇ ಸಿಕ್ಕಿದವು. ಎತ್ತಿದಳು. ಅವನು ಹಿಡಿಕೆ ಬಿಟ್ಟ. ನಲವತ್ತಾರು ವರ್ಷದ ಹೆಂಗಸು, ತನಗಿಂತ ಒಂದು ಗೇಣು ಎತ್ತರದ ತಮ್ಮನನ್ನು ಎತ್ತಿ ಹಿಡಿದು ನಿಂತಿದ್ದಳು. ಅವಳ ಸೊಂಟವೂ ನೋಯಲಿಲ್ಲ, ಕಾಲೂ ನಡುಗಲಿಲ್ಲ.

ಗುಂಡ ನಗುತ್ತಲೇ ಇದ್ದ. "ಏಯ್, ನನ್ನನ್ನೇ ಎತ್ತಿಬಿಟ್ಟೆಯಲ್ಲೇ!" ಎಂದ. ಆಮೇಲೆ ಅಕ್ಕನ ಮುಖ ನೋಡಿದ. ಅವಳ ಕೈಗಳನ್ನು ನೋಡಿದ, ಅಷ್ಟು ಕೆಳಗಿದ್ದ ನೆಲವನ್ನು ನೋಡಿದ. ನಗು ಬಾಯಲ್ಲೇ ನಿಂತಿತು. ಅವಳು ಮೆಲ್ಲಗೆ ಇಳಿಸಿದಳು, ಆದರೆ ಕೈ ಬಿಡಲಿಲ್ಲ.

ಗುಂಡ ಕಿಸೆಯಿಂದ ಹಳದಿ ಚೀಟಿ ತೆಗೆದ. ಅದನ್ನು ಬಿಡಿಸಲಿಲ್ಲ, ಸುಮ್ಮನೆ ಅಧಿಕಾರಿಯ ಕಡೆಗೆ ಚಾಚಿದ.

"ಸಾರ್, ಮುಳ್ಳು ಎಷ್ಟು ತೋರಿಸ್ತಿತ್ತು?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅಂಗಡಿಯಲ್ಲಿ ಚಿಲ್ಲರೆ ಕೇಳುವವನ ಹಾಗೆ ಕೇಳಿದ್ದ. ಅಧಿಕಾರಿ ಪುಟ್ಟ ಪುಸ್ತಕವನ್ನು ಕಿಸೆಗಿಟ್ಟು ಗುಂಡಿ ಹಾಕಿಕೊಂಡ. ಚೀಟಿಯ ಕಡೆಗೆ ಅವನ ಕೈ ಬರಲಿಲ್ಲ, ಕಣ್ಣೂ ಬರಲಿಲ್ಲ. ಯಜಮಾನನ ಕಡೆ ತಿರುಗಿ, ಅದೇ ಮೆದು ದನಿಯಲ್ಲಿ ಹೇಳಿದ:

"ಯಜಮಾನ್ರೇ, ಆ ಮೊದಲ ನಲವತ್ತು ಸೆಟ್ ಸ್ವಲ್ಪ ಬೇಗ ಬೇಕಾಗ್ಬಹುದು."