ಕಿವಿಯ ಹತ್ತಿ

ಕಾವ್ಯಾ ಬಗ್ಗಿ ಬೂಟಿನ ಲೇಸು ಕಟ್ಟುತ್ತಿದ್ದಾಗ ಅವಳ ತಾಯಿ ಚನ್ನಬಸಮ್ಮ ಮುಂಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಒಂದು ಕೈಯಲ್ಲಿ ಕೆಂಡದ ಅಗ್ಗಿಷ್ಟಿಕೆ, ಇನ್ನೊಂದರಲ್ಲಿ ಲೋಬಾನದ ಪುಡಿ. ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಬಾಲ್ಕನಿಯ ಗಾಜಿನಾಚೆ ಹೂಡಿ ಬಡಾವಣೆಯ ಮಂಜಿನಲ್ಲಿ ಟೆಕ್ ಪಾರ್ಕಿನ ಕೆಂಪು ದೀಪಗಳು ಮಾತ್ರ ತೇಲುತ್ತಿದ್ದವು.

"ಬೂಟು ಬಿಚ್ಚು."

"ಅವ್ವಾ, ಇವತ್ತೊಂದಿನ."

"ಇವತ್ತೊಂದಿನ ಅಂತ ಹೋದವರ ಕಥಿ ನನಗ ಗೊತ್ತೈತಿ. ಮೂರು ತಿಂಗಳ ಬಾಣಂತಿ ಈ ಥಂಡ್ಯಾಗ ಚೆಂಡಾಡಾಕ ಹೋಗ್ತಾಳಂತ. ಮಂದಿ ಕೇಳಿದ್ರ ನಗ್ತಾರ."

"ಚೆಂಡಲ್ಲವ್ವ, ಶಟಲ್."

"ಏನರ ಇರ್ಲಿ. ರಬ್ಬರಿಂದೋ ಪುಕ್ಕದ್ದೋ, ಥಂಡಿಗೆ ಗೊತ್ತಾಗತೈತೇನು?"

ಚನ್ನಬಸಮ್ಮ ಮಗಳ ಬಾಣಂತನಕ್ಕೆಂದು ಕೊಟ್ಟೂರಿನಿಂದ ಬಂದವಳು. ಬಂದ ದಿನವೇ ಮನೆಯ ಫ್ಯಾನುಗಳನ್ನೆಲ್ಲ ಆರಿಸಿ, ಕಿಟಕಿಗಳ ಸಂದಿಗೆ ಹಳೆಯ ಬಟ್ಟೆ ತುರುಕಿದ್ದಳು. ಕಾವ್ಯಾಳ ಹೊಟ್ಟೆಗೆ ಹತ್ತಿ ಸೀರೆ ಬಿಗಿದು, ತಲೆಗೆ ಸ್ಕಾರ್ಫ್ ಕಟ್ಟಿ, ಕಿವಿಗೆ ಬಿಸಿ ಎಣ್ಣೆಯ ಹತ್ತಿ ಇಟ್ಟಿದ್ದಳು. ಸುಡುಸುಡು ನೀರು ಹೊಯ್ಯುವಾಗ ತನ್ನ ಕೈ ಕೆಂಪಾದರೂ ಚೊಂಬು ಕೆಳಗಿಡುತ್ತಿರಲಿಲ್ಲ. ಆ ಕೈಗಳ ಋಣ ಕಾವ್ಯಾಳಿಗೆ ಗೊತ್ತಿತ್ತು. ಅದಕ್ಕೇ ಬೆಳ್ಳುಳ್ಳಿಯ ಸಾರನ್ನೂ ಅಂಟಿನುಂಡೆಯನ್ನೂ ಮಾತಾಡದೆ ತಿಂದಿದ್ದಳು. ಆದರೆ ದೀಪಾವಳಿ ಕಳೆದ ಮೇಲೆ, ಮುಚ್ಚಿದ ಕಿಟಕಿಯನ್ನೂ ಕಿವಿಯ ಹತ್ತಿಯನ್ನೂ ದಾಟಿ ಕೆಳಗಿನಿಂದ ಒಂದು ಸದ್ದು ಬರತೊಡಗಿತ್ತು. ರ‍್ಯಾಕೆಟ್ಟಿನ ತಂತಿಗೆ ಶಟಲ್ ಬಡಿಯುವ ಸದ್ದು. ಕೂಸಿಗೆ ಹಾಲು ಕುಡಿಸುತ್ತಾ ಅವಳು ಅದನ್ನು ಕೇಳುತ್ತಿದ್ದಳು, ಅಥವಾ ಕೇಳಿದಂತೆ ಅಂದುಕೊಳ್ಳುತ್ತಿದ್ದಳು. ಬಲಗೈ ಮಣಿಕಟ್ಟು ತಾನಾಗಿ ತಿರುಗುತ್ತಿತ್ತು.

ಆ ಅಪಾರ್ಟ್‌ಮೆಂಟಿನ ಕೋರ್ಟು ಬಯಲಿನಲ್ಲಿತ್ತು. ಬೇಸಿಗೆಯಲ್ಲಿ ಗಾಳಿ, ಮಳೆಗಾಲದಲ್ಲಿ ಪಾಚಿ. ಮಾರ್ಗಶಿರದ ಚಳಿ ಇಳಿದಾಗ ಮಾತ್ರ ಬೆಳಗಿನ ಗಾಳಿ ಕೆರೆಯ ನೀರಿನ ಹಾಗೆ ನಿಲ್ಲುತ್ತಿತ್ತು. ಹೊಡೆದ ಕಡೆಗೇ ಶಟಲ್ ಬೀಳುತ್ತಿತ್ತು. ಹಾಗಾಗಿ ಹೆಂಗಸರ ಡಬಲ್ಸ್ ಪಂದ್ಯ ಯಾವಾಗಲೂ ಚಳಿಯಲ್ಲೇ. ಹೋದ ಸಲದ ಫೈನಲ್ಲಿನಲ್ಲಿ ಕಾವ್ಯಾ ಆಟದ ನಡುವೆ ಓಡಿಹೋಗಿ ಗೋಡೆಯ ಬದಿಯಲ್ಲಿ ವಾಂತಿ ಮಾಡಿಕೊಂಡಿದ್ದಳು. ಚಹಾ ಸರಿಯಿರಲಿಲ್ಲ ಎಂದುಕೊಂಡಿದ್ದಳು. ಚಹಾ ಅಲ್ಲ ಎಂದು ಆಮೇಲೆ ತಿಳಿಯಿತು.

"ನಿನ್ನ ಮಗಳು ಹುಟ್ಟೋಕೆ ಮುಂಚೇನೇ ನಮ್ಮ ಕಪ್ ಕಿತ್ಕೊಂಡ್ಲು ಕಣೆ," ಎಂದು ಅವಳ ಜೊತೆಗಾತಿ ಮಂಜುಶ್ರೀ ಇವತ್ತಿಗೂ ಹೇಳುತ್ತಿದ್ದಳು. ಮಂಜುಶ್ರೀ ಪಕ್ಕದ ಹಳೆಯ ಮನೆಯವಳು, ಅಪಾರ್ಟ್‌ಮೆಂಟ್ ಎದ್ದ ಜಮೀನಿನ ಹಿಂದಿನ ಒಡೆಯ ಗೋಪಾಲಪ್ಪನವರ ಸೊಸೆ. ಈ ಸಲ ಬೇರೆಯವರು ಜೊತೆಗೆ ಕರೆದಾಗ ಅವಳು ಒಪ್ಪಿರಲಿಲ್ಲ. ಇವತ್ತಿನ ಪಂದ್ಯಕ್ಕೆ ಕಾವ್ಯಾ ಇಳಿಯದಿದ್ದರೆ ಇಬ್ಬರೂ ಆಟದಿಂದ ಹೊರಗೆ.

ಒಳಗಿಂದ ಕಾವ್ಯಾಳ ಗಂಡ ಈರೇಶ್ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಂದ. "ಅತ್ತೆ, ಆಡಬಹುದು ಅಂತ ಡಾಕ್ಟರೇ ಹೇಳಿದಾರಲ್ಲ."

"ಡಾಕ್ಟರು ಹಡದಾರೇನು?"

"ಲೇಡಿ ಡಾಕ್ಟರು. ಎರಡು ಮಕ್ಕಳಿದಾವೆ ಅವ್ರಿಗೆ."

"ಹಂಗಾರ ಅಕಿ ಅವ್ವನ್ನ ಕೇಳಬೇಕು."

ಈರೇಶ್ ಕೂಸಿನ ಬೆನ್ನು ತಟ್ಟುತ್ತಾ ಬಂದ ದಾರಿಯಲ್ಲೇ ಹಿಂದಿರುಗಿದ.

ಕಾವ್ಯಾ ಎದ್ದು ನಿಂತಳು. "ಅವ್ವಾ, ನೀ ಕಟ್ಟಿದ್ದು ಕಟ್ಟಿಸ್ಕೊಂಡೆ, ಉಣಿಸಿದ್ದು ಉಂಡೆ. ಮಲಗು ಅಂದಾಗ ಮಲಗಿದೆ. ಇದೊಂದು ಮಾತ್ರ ಬಿಡಂಗಿಲ್ಲ. ಬಾಗಿಲಿಗೆ ಅಡ್ಡ ಮಕ್ಕೊಂಡ್ರೂ ದಾಟಿ ಹೋಗ್ತೀನಿ."

ಅಗ್ಗಿಷ್ಟಿಕೆಯ ಹೊಗೆ ಇಬ್ಬರ ನಡುವೆ ಏಳುತ್ತಿತ್ತು. ಚನ್ನಬಸಮ್ಮನ ಅಕ್ಕ ಶಿವಗಂಗಾ ಹಸಿ ಬಾಣಂತಿಯಾಗಿದ್ದಾಗ ಇಂಥದ್ದೇ ಚಳಿಯಲ್ಲಿ ಹಳ್ಳಕ್ಕೆ ಬಟ್ಟೆ ಒಗೆಯಲು ಹೋಗಿದ್ದಳು. ಜ್ವರ ಬಂತು. ಸನ್ನಿಯಾಯಿತು. ತನ್ನ ಕೂಸನ್ನೇ ಯಾರದಿದು ಎಂದು ಕೇಳುತ್ತಾ ಸತ್ತಳು. ಆಗ ಆ ಕೂಸನ್ನು ಎತ್ತಿಕೊಂಡು ಹೊಸ್ತಿಲ ಮೇಲೆ ಕೂತಿದ್ದವಳು, ಇನ್ನೂ ಲಂಗ ಉಡುತ್ತಿದ್ದ ಚನ್ನಬಸಮ್ಮ. ಕಾವ್ಯಾ ಇದನ್ನು ಚಿಕ್ಕಂದಿನಿಂದ ಕೇಳಿದ್ದಳು. ತಾಯಿ ಕೆಂಡ ಕೆಳಗಿಟ್ಟು, ಸೊಂಟಕ್ಕೆ ಸಿಕ್ಕಿಸಿದ್ದ ಹತ್ತಿ ತೆಗೆದಾಗ, ಅವಳು ತಾನಾಗಿಯೇ ತಲೆ ಬಾಗಿಸಿದಳು.

ಚನ್ನಬಸಮ್ಮ ಎರಡೂ ಕಿವಿಗೆ ಹತ್ತಿಯನ್ನು ಆಳಕ್ಕೆ ಒತ್ತಿ, ಮೇಲೆ ಸ್ಕಾರ್ಫ್ ಬಿಗಿದಳು. "ಇದನ್ನ ತಗೀಬಾರ್ದು. ಮಾತು ಕೊಡು."

"ಕೊಟ್ಟೆ," ಎಂದಳು ಕಾವ್ಯಾ. ಅವಳ ದನಿ ಅವಳ ತಲೆಯೊಳಗೇ ಉಳಿಯಿತು.

ಕೋರ್ಟಿನಲ್ಲಿ ಎಲ್ಲರೂ ಅವಳನ್ನು ನೋಡಿ ನಕ್ಕರು. ಎದುರಾಳಿ ಶಿವಾನಿ ಏನೋ ಅಂದಳು. ಕಾವ್ಯಾಳಿಗೆ ತುಟಿ ಮಾತ್ರ ಕಂಡಿತು.

"ಹಿಮಾಲಯ ಹತ್ತೋಕೆ ಬಂದ್ಯಾ ಅಂತಿದಾಳೆ," ಎಂದು ಮಂಜುಶ್ರೀ ಹತ್ತಿರ ಬಂದು ಕೂಗಿದಳು.

"ಹತ್ತಿ ತೋರಿಸ್ತೀನಿ ಅನ್ನು."

ಬಾಯಿಂದ ಹೊಗೆಯಂತೆ ಉಸಿರು ಬರುತ್ತಿತ್ತು. ನೆಟ್ಟಿನ ದಾರದ ಉದ್ದಕ್ಕೂ ಇಬ್ಬನಿ ಕೂತಿತ್ತು. ಮೊದಲ ಶಟಲ್ ಮಂಜಿನಿಂದ ಸದ್ದಿಲ್ಲದೆ ಇಳಿದು ಬಂದಾಗ ಕಾವ್ಯಾಳ ತೋಳು ಅದನ್ನು ಗುರುತಿಸಿತು. ಕಾಲು ಗುರುತಿಸಲಿಲ್ಲ. ಹೊಟ್ಟೆ ಇನ್ನೂ ಯಾರದೋ ಹೊಟ್ಟೆಯಂತೆ ಹಿಂದೆ ಉಳಿಯುತ್ತಿತ್ತು. ಆದರೂ ಬೆವರು ಮೂಡಿತು. ಸುಡುನೀರಿನಿಂದಲ್ಲದೆ, ಕೆಂಡದಿಂದಲ್ಲದೆ, ತನ್ನಷ್ಟಕ್ಕೆ ತಾನೇ ಬಂದ ಬೆವರು. ಅವಳಿಗೆ ನಗು ಬಂತು.

ಡಬಲ್ಸ್ ಆಡುವವರು ಬಾಯಿಂದಲೂ ಆಡಬೇಕು. ಇಬ್ಬರ ನಡುವೆ ಬರುವ ಶಟಲ್ಲಿಗೆ ಯಾರಾದರೊಬ್ಬರು "ನಂದು" ಎಂದು ಕೂಗಲೇಬೇಕು. ಮಂಜುಶ್ರೀ ಕೂಗುತ್ತಿದ್ದಳು, ಕಾವ್ಯಾಳಿಗೆ ಕೇಳುತ್ತಿರಲಿಲ್ಲ. ಇಬ್ಬರೂ ಒಟ್ಟಿಗೆ ನುಗ್ಗಿ ರ‍್ಯಾಕೆಟ್ಟುಗಳು ಡಿಕ್ಕಿ ಹೊಡೆದವು. ಇನ್ನೊಮ್ಮೆ ಇಬ್ಬರೂ ಬಿಟ್ಟುಕೊಟ್ಟು, ಶಟಲ್ ನಡುವೆ ಬಿತ್ತು. ಮೊದಲ ಗೇಮ್ ಹೋಯಿತು. ಎರಡನೆಯದರಲ್ಲಿ ಕಾವ್ಯಾ ನೆಟ್ಟಿನ ಹತ್ತಿರವೇ ನಿಂತು, ಕೈಗೆ ಸಿಕ್ಕಿದ್ದನ್ನೆಲ್ಲ ತಡೆದಳು. ಹಿಂದಿನದೆಲ್ಲ ಮಂಜುಶ್ರೀಯದು. ಹಾಗೆ ಅದನ್ನು ಗೆದ್ದರು. ಮೂರನೆಯದರ ಕೊನೆಯಲ್ಲಿ, ಕಾವ್ಯಾಳಿಗೆ ಕೂಗು ಕೇಳುವುದಿಲ್ಲ ಎಂಬುದನ್ನು ಶಿವಾನಿ ಕಂಡುಕೊಂಡಳು. ಬೇಕೆಂದೇ ಇಬ್ಬರ ನಡುವೆ ಎತ್ತರಕ್ಕೆ ಹೊಡೆದಳು. ಕಾವ್ಯಾಳ ರ‍್ಯಾಕೆಟ್ಟು ಮಂಜುಶ್ರೀಯ ಬೆರಳಿನ ಗೆಣ್ಣಿಗೆ ಬಡಿಯಿತು.

"ಕಿವುಡೀನಾ ನೀನು? ನಂದು ನಂದು ಅಂತ ಬಡ್ಕೋತಾ ಇದೀನಿ," ಎಂದಳು ಮಂಜುಶ್ರೀ, ಅವಳ ಮುಖಕ್ಕೆ ಮುಖ ತಂದು. "ತೆಗಿ ಅದನ್ನ."

"ಅವ್ವನಿಗೆ ಮಾತು ಕೊಟ್ಟಿದೀನಿ ಕಣೆ."

"ಸರಿ ಹಾಗಾದ್ರೆ. ಇನ್ನೊಂದು ಕೈನೂ ಮುರಿ."

ಮಂಜುಶ್ರೀಯ ಬೆರಳು ಊದುತ್ತಿತ್ತು. ಅವಳು ಅದನ್ನು ಬಾಯಲ್ಲಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ರ‍್ಯಾಕೆಟ್ಟು ಎತ್ತಿಕೊಂಡು ತನ್ನ ಜಾಗಕ್ಕೆ ಹೋಗಿ ನಿಂತಳು. ಕಾವ್ಯಾ ಅವಳನ್ನು ನೋಡಿದಳು. ಆಮೇಲೆ ಗಂಟು ಬಿಚ್ಚಿ ಸ್ಕಾರ್ಫನ್ನು ಬೆಂಚಿಗೆ ಎಸೆದಳು. ಎರಡೂ ಕಿವಿಯ ಹತ್ತಿ ಕಿತ್ತು ಅದರ ಹತ್ತಿರ ಬಿಸಾಡಿದಳು.

ಚಳಿ ಸೂಜಿಯಂತೆ ಒಳಗೆ ಹೋಯಿತು. ಅದರ ಹಿಂದೆಯೇ ಲೋಕವೆಲ್ಲ ನುಗ್ಗಿತು. ಹೂಡಿ ಸ್ಟೇಷನ್ನಿನಲ್ಲಿ ರೈಲಿನ ಕೂಗು, ಗೇಟಿನಾಚೆ ಕಂಪನಿ ಬಸ್ಸಿನ ಹಾರನ್ನು, ಯಾರದೋ ಬೂಟಿನ ಕಿರ್ರೆಂಬ ಸದ್ದು. ಇವೆಲ್ಲದರ ನಡುವೆ ಮೂರನೆಯ ಮಹಡಿಯಿಂದ ಕೂಸಿನ ಅಳು. ಎಷ್ಟು ಹೊತ್ತಿನಿಂದ ಅಳುತ್ತಿತ್ತೋ. ಕಾವ್ಯಾಳ ಎದೆ ಬಿಗಿದು, ಟೀ ಶರ್ಟು ಎರಡೂ ಕಡೆ ಒದ್ದೆಯಾಯಿತು. ಬಾಲ್ಕನಿಯ ಬಾಗಿಲು ತೆರೆದಿತ್ತು. ಅಲ್ಲಿ ಯಾರೂ ಇರಲಿಲ್ಲ. ಅಳು ಒಮ್ಮೆ ನಿಂತು, ಮತ್ತೆ ಹತ್ತಿರದಿಂದಲೇ ಕೇಳಿಸಿತು.

ಚನ್ನಬಸಮ್ಮ ಕೂಸನ್ನು ಕಂಬಳಿಯಲ್ಲಿ ಸುತ್ತಿಕೊಂಡು, ಬರಿಗಾಲಲ್ಲಿ ಇಳಿದು ಬಂದಿದ್ದಳು. ಅವಳ ಕಣ್ಣು ಮೊದಲು ಮಗಳ ಬರಿ ತಲೆಗೆ, ಆಮೇಲೆ ಬೆಂಚಿನ ಕೆಳಗೆ ಬಿದ್ದ ಹತ್ತಿಗೆ ಹೋಯಿತು.

"ಹಸದೈತಿ," ಎಂದಷ್ಟೇ ಅಂದಳು.

ಕಾವ್ಯಾ ಬೆಂಚಿನ ಮೇಲೆ ಕೂತು ಕೈ ಚಾಚಿದಳು. "ಕೊಡು."

"ಇಲ್ಲೇನು?"

"ಇಲ್ಲೇ. ಆಟ ಮುಗ್ದಿಲ್ಲ."

ಅಂಪೈರ್ ಆಗಿದ್ದ ಭಾನುಪ್ರಕಾಶ್ ಗಂಟಲು ಸರಿಮಾಡಿಕೊಂಡರು. ಅವರು ನಿವಾಸಿಗಳ ಸಂಘದ ಕಾರ್ಯದರ್ಶಿ. "ಮೇಡಂ, ರೂಲ್ಸ್ ಪ್ರಕಾರ ಇಷ್ಟು ಹೊತ್ತು ಬ್ರೇಕ್ ಕೊಡೋ ಹಾಗಿಲ್ಲ."

"ಅಂಕಲ್, ಆ ರೂಲ್ಸ್ ಬರೆದೋರು ಯಾವತ್ತಾದ್ರೂ ಹಾಲು ಕುಡಿಸಿದ್ರಾ?" ಎಂದಳು ಮಂಜುಶ್ರೀ.

ಶಿವಾನಿ ನೆಟ್ಟಿನ ಆಚೆ ಕಾಲು ಚಾಚಿ ಕೂತೇಬಿಟ್ಟಳು. "ಬಿಡಿ ಅಂಕಲ್. ನನ್ನ ಮಂಡಿನೂ ಸುಸ್ತಾಗಿದೆ. ನಿಂತ ಪಾಯಿಂಟಿಂದ ಶುರು ಮಾಡೋಣ."

ಭಾನುಪ್ರಕಾಶ್ ಕಾಂಪೌಂಡ್ ಗೋಡೆಯ ಕಡೆ ತಿರುಗಿ, ಅಲ್ಲಿ ಇಲ್ಲದ ಯಾವುದನ್ನೋ ನೋಡುತ್ತಾ ನಿಂತರು.

ಕೂಸು ಆತುರದಿಂದ ಎಳೆದುಕೊಳ್ಳುತ್ತಿತ್ತು. ಚನ್ನಬಸಮ್ಮ ಕೋರ್ಟಿನ ಕಡೆಗೆ ಬೆನ್ನು ಕೊಟ್ಟು, ಎರಡೂ ಕೈಯಿಂದ ಸೆರಗು ಹರಡಿ, ಮಗಳ ಮುಂದೆ ಗೋಡೆಯ ಹಾಗೆ ನಿಂತಳು. ಅವಳ ಬರಿಗಾಲಿನ ಬೆರಳುಗಳು ತಣ್ಣನೆಯ ಸಿಮೆಂಟಿನ ಮೇಲೆ ಮುದುಡಿದ್ದವು.

ಅಷ್ಟರಲ್ಲಿ ಮಂಜುಶ್ರೀಯ ಅತ್ತೆ ಕೃಷ್ಣಮ್ಮ ಅವರೆಕಾಯಿಯ ಚೀಲ ಹಿಡಿದು ಸೊಸೆಯನ್ನು ಹುಡುಕಿಕೊಂಡು ಬಂದಳು. ಬೆಂಚಿನ ಮುಂದೆ ನಿಂತವಳು ಹಾಗೇ ಬಾಯಿ ತೆರೆದಳು.

"ಇದೇನ್ ತಾಯಿ, ಅಸಿ ಬಾಣಂತೀನ ಇಂಗೆ ಮಂಜಲ್ಲಿ ಕೂರಿಸ್ಬಿಟ್ಟಿದ್ದೀರಾ? ಕಿವಿಗೆ ಅತ್ತಿನೂ ಇಲ್ಲ. ನಮ್ ಕಾಲ್ದಲ್ಲಿ ಐದು ತಿಂಗ್ಳು ಒಸ್ತಿಲು ದಾಟ್ತಿರ್ಲಿಲ್ಲ. ಎತ್ತ ತಾಯಿ ನೀವು, ಒಂದ್ ಮಾತು ಏಳ್ಬಾರ್ದಾ? ನೋಡ್ದೋರು ಏನಂತಾರೆ?"

ಚನ್ನಬಸಮ್ಮ ಅವಳನ್ನು ನೋಡಿದಳು. ಬಾಗಿಲಿಗೆ ಬೆನ್ನು ಕೊಟ್ಟು ತಾನು ಆಡಿದ ಮಾತುಗಳೇ. ಸೆರಗನ್ನು ಇನ್ನಷ್ಟು ಅಗಲಕ್ಕೆ ಹರಡಿದಳು.

ಕೂಸು ಬಾಯಿ ಬಿಟ್ಟು ನಿದ್ದೆಗೆ ಜಾರಿತು. ಕಾವ್ಯಾ ಬಟ್ಟೆ ಸರಿಮಾಡಿಕೊಂಡು, ಅದನ್ನು ತಾಯಿಯ ತೋಳಿಗೆ ದಾಟಿಸಿದಳು. ರ‍್ಯಾಕೆಟ್ಟು ಎತ್ತಿಕೊಂಡಳು. ಮೈಮೇಲಿನ ಬೆವರು ಆಗಲೇ ತಣ್ಣಗಾಗುತ್ತಿತ್ತು.

"ಅವ್ವಾ, ಮುಗಿಸಿ ಬರ್ತೀನಿ."

"ಮೈ ಬೆವತೈತಿ," ಎಂದಳು ಚನ್ನಬಸಮ್ಮ. "ಬೆವರಿನ ಮ್ಯಾಲೆ ಗಾಳಿ ಬಡೀಬಾರ್ದು. ನಿಂದ್ರಬ್ಯಾಡ. ಓಡು."

ಕಾವ್ಯಾ ಓಡಿದಳು. ಭಾನುಪ್ರಕಾಶ್ ತಿರುಗಿ ಸ್ಕೋರು ಕೂಗಿದರು. ಕೃಷ್ಣಮ್ಮ ಬೆಂಚಿನ ಮೇಲೆ ಕೂತು, ತನ್ನ ನಾದಿನಿಗೆ ಹಿಂದೆ ಚಳಿ ಹಿಡಿದ ಕಥೆಯನ್ನು ಮೊದಲಿನಿಂದ ಶುರು ಮಾಡಿದಳು.

ಚನ್ನಬಸಮ್ಮ ಕೂಸನ್ನು ಎಡತೋಳಿಗೆ ಸರಿಸಿಕೊಂಡು ಬಗ್ಗಿದಳು. ನೆಲದ ಮೇಲಿದ್ದ ಹತ್ತಿಯ ಎರಡು ಉಂಡೆಗಳನ್ನು ಹೆಕ್ಕಿ, ಧೂಳು ಊದಿ, ಒಂದೊಂದಾಗಿ ತನ್ನ ಕಿವಿಗಳಿಗೆ ಇಟ್ಟುಕೊಂಡಳು. ಆಮೇಲೆ ಬೆಂಚಿನ ಇನ್ನೊಂದು ತುದಿಯಲ್ಲಿ ಕೋರ್ಟಿಗೆ ಮುಖ ಮಾಡಿ ಕೂತಳು. ಮಂಜು ಕರಗಿ ಎಳೆ ಬಿಸಿಲು ನೆಟ್ಟಿನ ಮೇಲೆ ಇಳಿಯುತ್ತಿತ್ತು. ಪಕ್ಕದಲ್ಲಿ ಕೃಷ್ಣಮ್ಮನ ತುಟಿಗಳು ಆಡುತ್ತಲೇ ಇದ್ದವು. ಸದ್ದಿಲ್ಲದ ಬಿಳಿ ಶಟಲ್ ಆ ಕಡೆ ಹೋದಾಗ ಚನ್ನಬಸಮ್ಮನ ತಲೆ ಆ ಕಡೆ, ಈ ಕಡೆ ಬಂದಾಗ ಈ ಕಡೆ ತಿರುಗುತ್ತಿತ್ತು.