ಒಂದೇ ಒಲೆಯ ಮನೆ

ಹಿಟ್ಟು ನೀಲಿ, ಕೈ ನೀಲಿ, ಪರಾತದ ಅಂಚಿನಲ್ಲಿ ನಿಂತ ನೀರೂ ನೀಲಿ, ಶೆಡ್ಡಿನ ಮುಂದೆ ಕಟ್ಟಿದ ನೀಲಿ ತಾಡಪತ್ರಿಯ ಕೆಳಗೆ ಕೂತು ರೊಟ್ಟಿ ಬಡಿದರೆ ಬಿಳಿಜೋಳಕ್ಕೂ ಇದೇ ಬಣ್ಣ, ಹದಿನೆಂಟು ದಿನವಾಯಿತು ಹೊನ್ನವ್ವನ ಕಣ್ಣಿಗೆ ಹಿಟ್ಟಿನ ನಿಜವಾದ ಬಣ್ಣ ಬಿದ್ದು, ರೊಟ್ಟಿ ಬೆಂದಿತೋ ಹಸಿಯುಳಿಯಿತೋ ಎಂಬುದನ್ನು ಮೂಗಿನಿಂದಲೇ ತಿಳಿಯಬೇಕು — ಕೆಳಗಿನ ಕಲ್ಲು ತುಸು ಅಲುಗಿದರೂ ಎದೆ ಧಸಕ್ಕೆನ್ನುತ್ತದೆ, ಮತ್ತೆ ಭೂಕಂಪ ಬಂತೇನೋ, ಇಲ್ಲ, ಬಂದದ್ದು ಲಾರಿ, ಚಡಚಣದ ರಸ್ತೆಯಿಂದ ಚರ್ಚಿನವರ ಲಾರಿ, ತಗಡಿಗೆ ತಗಡು ಬಡಿಯುವ ಆ ಸದ್ದು ಊರ ಹೊರಗಿನ ಹಳ್ಳ ದಾಟುವ ಮೊದಲೇ ಕೇಳಿಸುತ್ತದೆ, ಇದೇ ಕೊನೆಯ ಲಾರಿ, ನಿನ್ನೆಯೇ ಸುಜಾತಾ ಹೇಳಿ ಹೋಗಿದ್ದಳು, ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು ಚರ್ಚಿನ ಪಟ್ಟಿ ಬರೆಯುವ ಸಿಂದಗಿಯ ಹುಡುಗಿ, ಅಕ್ಕಾರ, ನಾಳೆ ಮಧ್ಯಾಹ್ನಕ್ಕ ನಿಮ್ಮೂರ ಪಟ್ಟಿ ಮುಗಸ್ತೇವ್ರಿ, ಆಮ್ಯಾಲ ಲಾರಿ ಬಾಗೇವಾಡಿ ಕಡೆ ಹೊಳ್ಳತಾವು, ಅಲ್ಲೂ ಮಂದಿ ಬಯಲಾಗ ಕುಂತೈತ್ರಿ. ಕುಂತಿರಲಿ, ಯಾರು ಬೇಡವೆಂದರು, ಆದರೆ ಇಲ್ಲಿ ಒಂದು ಶೆಡ್ಡಿನೊಳಗೆ ಏಳು ಜನ ದೊಡ್ಡವರು ಮತ್ತು ಹನ್ನೆರಡು ದಿನದ ಒಂದು ಕೂಸು, ಕಾಲು ಚಾಚಿದರೆ ಇನ್ನೊಬ್ಬರ ಬೆನ್ನು, ಗಂಡಸರು ಹೊರಗೆ ಹೋಗುವತನಕ ಬಾಣಂತಿ ಕೋಮಲ ಸೆರಗು ಸರಿಸಿ ಕೂಸಿಗೆ ಹಾಲೂಡುವಂತಿಲ್ಲ, ಕೂಸು ಅತ್ತರೆ ಗೋಡೆಯ ಕಡೆ ಮುಖ ಮಾಡಿ ತಾನೂ ಅಳುತ್ತಾಳೆ ಆ ಹುಡುಗಿ, ಚೊಚ್ಚಲ ಬಾಣಂತನಕ್ಕೆಂದು ತವರಿಗೆ ಬಂದವಳಿಗೆ ಸಿಕ್ಕ ಕೋಣೆ ಇದು, ಅದಕ್ಕೆಲ್ಲ ಕಾರಣ ತನ್ನ ಬಾಯಿ, ಈ ಹಾಳು ಬಾಯಿ.

ಒಂದು, ಎಂದಿದ್ದಳು ಹೊನ್ನವ್ವ. ಭೂಮಿ ನಡುಗಿದ ಮೂರನೆಯ ದಿನ, ಬೇವಿನ ಮರದ ಕೆಳಗೆ, ಫಾದರ್ ಒಂದು ಮುರಿದ ಹೊರಸಿನ ಮೇಲೆ ಕೂತಿದ್ದರು, ಮನೆಗೊಂದು ತಗಡಿನ ಶೆಡ್ಡು, ರೇಶನ್ ಕಾರ್ಡು ತೋರಿಸಿ ಎಂದು ಸುಜಾತಾ ಕೇಳಿದಾಗ ಊರೇ ನಕ್ಕಿತ್ತು, ಕಾರ್ಡು ಇರುವುದು ಮಾಳಿಗೆಯ ಮಣ್ಣಿನ ಕೆಳಗೆ, ತೆಗೆದುಕೊಂಡು ಬರ್ರಿ ತಂಗಿ, ನಿಮಗ ಪುಣ್ಯ ಬರತೈತಿ, ಆಗ ಹಿರಿಯರೇ ದಾರಿ ತೋರಿಸಿದ್ದರು, ಒಲಿ ಎಣಸ್ರಿ, ಯಾರ ಒಲಿ ಬ್ಯಾರೆ ಅವರ ಮನಿ ಬ್ಯಾರೆ, ನಮ್ಮ ಕಡೆ ಪಾಲು ಅಂದ್ರ ಮೊದಲ ಒಲಿ ಬ್ಯಾರೆ ಆಗತೈತಿ, ಹೊಲ ಆಮ್ಯಾಲ. ಹಾಗೆ ಎಣಿಸುತ್ತ ಬಂದರು, ನಿಮ್ಮದು ಎಷ್ಟು ಒಲೆ ಅಮ್ಮಾ, ಎಂದು ಫಾದರ್ ತಮ್ಮ ಮಂಗಳೂರ ಕನ್ನಡದಲ್ಲಿ ಕೇಳಿದರು, ಒಂದ ಒಲಿರಿ ನಮ್ಮದು, ಅಣ್ಣ-ತಮ್ಮ ಇಬ್ರೂ ಕೂಡೇ ಅದಾರ್ರಿ, ನಲವತ್ತ ವರ್ಷ ಆತು ಒಂದ ಹೊಗಿ ಹೊಂಟೈತಿ ನಮ್ಮ ಮನ್ಯಾಗ — ಹೇಳುವಾಗ ಎದೆ ಎಷ್ಟು ಉಬ್ಬಿತ್ತು, ಫಾದರ್ ಸಹ ತಲೆಯೆತ್ತಿ ನೋಡಿ, ಒಂದೇ ಒಲೆಯಾ, ತುಂಬ ಸಂತೋಷ ಅಮ್ಮಾ, ಈಗಿನ ಕಾಲದಲ್ಲಿ ಎಲ್ಲಿ ಸಿಗುತ್ತದೆ ಇದು, ಎಂದರು, ಬರೆದರು, ಒಂದು ಎಂದೇ ಬರೆದರು. ಸಂತೋಷವಂತೆ. ಸಂತೋಷವನ್ನು ತಲೆಯ ಮೇಲೆ ಹೊದಿಸಿಕೊಂಡು ಮಲಗಲು ಬರುತ್ತದೆಯೇ?

ಆದರೆ ಇನ್ನೇನು ಹೇಳಬೇಕಿತ್ತು ಅವಳು, ಅತ್ತೆಯನ್ನು ಮಣ್ಣು ಮಾಡಿ ಎರಡು ದಿನವೂ ಆಗಿರಲಿಲ್ಲ, ಎಳ್ಳ ಅಮಾವಾಸ್ಯೆಗೆ ಇಡೀ ಊರು ಭೂಮಿತಾಯಿಗೆ ಎಡೆಯ ಚರಗ ಚೆಲ್ಲಲು ಹೊಲಕ್ಕೆ ಹೋಗಿದ್ದರಿಂದಲೇ ಇಷ್ಟು ಜನ ಉಳಿದದ್ದು, ಜೋಳದ ನಡುವೆ ಕೂತು ಸಜ್ಜೆ ರೊಟ್ಟಿ, ಪುಂಡಿಪಲ್ಯ ಉಣ್ಣುತ್ತಿದ್ದರು, ನೊಣ ಕೂತ ಎತ್ತು ಚರ್ಮವನ್ನು ಝಾಡಿಸುವಂತೆ ಭೂಮಿ ಒಮ್ಮೆ ಝಾಡಿಸಿತು, ತಾಟು ಸರಿಯಿತು, ಊರಿನ ಕಡೆ ನೋಡಿದರೆ ಊರಿರಲಿಲ್ಲ, ಕೆಂಪು ಧೂಳು ಮಾತ್ರ ನಿಂತಿತ್ತು, ಮೊಣಕಾಲು ನೋವೆಂದು ಅತ್ತೆ ದುರ್ಗವ್ವ ಒಬ್ಬರೇ ಮನೆಯಲ್ಲಿ ಉಳಿದಿದ್ದರು, ಜಂತಿ ಸರಿಸಿ ತೆಗೆಯುವಷ್ಟರಲ್ಲಿ ಸಂಜೆಯಾಗಿತ್ತು. ಮಲಗುವಾಗಲೂ ಏಳುವಾಗಲೂ ಅವರದೊಂದೇ ಮಾತು, ಹೊನ್ನೀ, ನಾ ಇರೂತನಕ ಅಲ್ಲ, ನೀ ಇರೂತನಕ ಒಲಿ ಒಂದ ಇರಲಿ. ಹೂಂ ಎಂದಿದ್ದಳು. ಹೂಂ ಎಂದವಳು ಮೂರನೆಯ ದಿನಕ್ಕೇ ಎರಡು ಎಂದು ಹೇಗೆ ಹೇಳುತ್ತಾಳೆ, ಆ ಹುಚ್ಚವ್ವನಿಗಾದರೆ ನಾಲಿಗೆಗೆ ಎಲುಬೇ ಇಲ್ಲ, ಪಕ್ಕದ ಮನೆಯ ಹುಚ್ಚವ್ವ, ಮೂವರು ಮಕ್ಕಳು ಮೊನ್ನೆಯವರೆಗೆ ಅವಳ ಗಡಿಗೆಯಿಂದಲೇ ಉಂಡವರು, ಒಂದು ಸಂಜೆಯಲ್ಲಿ ನಾಲ್ಕು ಕಡೆ ಕಲ್ಲಿಟ್ಟು ಬೂದಿ ಸುರಿದು ನಾಲ್ಕು ಶೆಡ್ಡು ಬರೆಸಿಕೊಂಡಳು, ಬರೆಸಿಕೊಂಡದ್ದಲ್ಲದೆ ನಳದ ಹತ್ತಿರ ನಿಂತು ನಗುತ್ತಾಳೆ, ನಂದು ನಾಕ ಒಲಿ ನೋಡ ಹೊನ್ನವ್ವ, ನಾಕಕ್ಕೂ ಊದಾಕಿ ಮಾತ್ರ ನಾನ ಒಬ್ಬಾಕಿ. ಒಂದು ಶೆಡ್ಡಿನಲ್ಲಿ ಈಗ ಅವಳ ಆಡುಗಳು ಮಲಗುತ್ತವೆ. ಆಡಿಗೆ ಶೆಡ್ಡು, ಬಾಣಂತಿಗಿಲ್ಲ.

ಹೇಳಲಿಲ್ಲವೆಂದಲ್ಲ, ಹೇಳಿದ್ದಳು, ನಾಲ್ಕು ಸಲ ಸಾಲಿನಲ್ಲಿ ನಿಂತು ಹೇಳಿದ್ದಳು, ಸುಜಾತಾ, ನಮಗ ಇನ್ನೊಂದು ಶೆಡ್ಡು ಬೇಕವ್ವ, ಬಾಣಂತಿ ಅದಾಳ, ಥಂಡಿ ಗಾಳಿ ಐತಿ, ಆ ಹುಡುಗಿ ಪಟ್ಟಿ ನೋಡುತ್ತಾಳೆ, ಪಟ್ಟಿಯಿಂದ ಮುಖ ಎತ್ತುವಾಗ ಅವಳ ಕಣ್ಣಲ್ಲೂ ನೀರು, ಆ ನೀರನ್ನು ಕಂಡರೆ ಹೊನ್ನವ್ವನಿಗೆ ಇನ್ನೂ ಸಿಟ್ಟು, ಬೈದಿದ್ದರಾದರೂ ತಿರುಗಿ ಬೈಯಬಹುದಿತ್ತು, ನನಗ ತಿಳೀತದ್ರಿ ಅಕ್ಕಾರ, ಆದ್ರ ಒಲಿಗೆ ಒಂದ ಶೆಡ್ಡು ಅಂತ ಮಾಡ್ಯಾರ್ರಿ, ಹುಚ್ಚವ್ವಾರದು ಸುಳ್ಳಂತ ನಂಗೂ ಗೊತ್ತೈತಿ, ಆದ್ರ ನಾ ಹೋದಾಗ ನಾಕರಾಗೂ ಬೂದಿ ಇತ್ತ್ರಿ, ನಿಮ್ಮದು ನೀವ ಒಂದ ಅಂತ ಹೇಳೀರಿ, ಬ್ಯಾರೆ ಒಲಿ ಹೂಡಿದ್ರ ಹೇಳ್ರಿ, ಬಂದು ಫೋಟೊ ಹೊಡಕೊಂಡು ಹೆಸರ ಹಚ್ಚತೇನಿ. ಅಂದರೆ ಸುಳ್ಳು ಹೇಳಿದವರಿಗೆ ಬೂದಿ ಸಾಕ್ಷಿ, ನಿಜ ಹೇಳಿದವಳಿಗೆ ಯಾವ ಸಾಕ್ಷಿಯೂ ಇಲ್ಲ. ಗಂಡ ಗುರಲಿಂಗಪ್ಪನ ಮುಂದೆ ಹೇಳಿದರೆ, ನೀ ಹೇಳೂಕಿಂತ ಮೊದಲ ನನ್ನ ಕೇಳಿದ್ಯೇನು, ಎಂದು ಎತ್ತಿಗೆ ಮೇವು ಹಾಕಲು ಎದ್ದು ಹೋದ, ಹದಿನೆಂಟು ದಿನಗಳಿಂದ ಆ ಎತ್ತುಗಳಿಗೆ ಎಷ್ಟು ಮೇವು ಬೇಕೋ. ಮೈದುನ ಶಂಕ್ರೆಪ್ಪನದು ಬೇರೆಯೇ ರಾಗ, ಪಾದ್ರಿ ಕೊಟ್ಟ ತಗಡಿನ ಕೆಳಗ ಮಲಗಿದ್ರ ನಾಳೆ ಯೇಸೂನ ಹಾಡ ಹೇಳಸ್ತಾರ, ಸುಮ್ನ ಇರ್ರಿ ವೈನಿ, ಅದಕ್ಕೆ ಹುಚ್ಚವ್ವ ಗೋಡೆಯಾಚೆಯಿಂದಲೇ, ಹೇಳಸ್ಲಿ ಬಿಡೋ, ನಿನ್ನ ದನಿ ಒಮ್ಮೆ ಕೇಳಿದ್ರ ಅವರ ಕೈಮುಗದು ಬ್ಯಾಡ ಅಂತಾರ. ಹಾಡು ಹೇಳಿಸಿದವರು ಇದುವರೆಗೆ ಯಾರೂ ಇಲ್ಲ, ಲಾರಿಯ ಬಾಗಿಲು ತೆಗೆಯುವ ಮೊದಲು ಫಾದರ್ ಒಂದು ಗಳಿಗೆ ಕಣ್ಣು ಮುಚ್ಚಿ ನಿಲ್ಲುತ್ತಾರೆ, ಆಮೇಲೆ ತಾವೇ ತಗಡು ಹೊರುತ್ತಾರೆ, ಅಂಗೈ ಕೊಯ್ದು ಬಟ್ಟೆ ಸುತ್ತಿಕೊಂಡಿದ್ದಾರೆ, ಆ ಮನುಷ್ಯನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಬಾರದು, ಯಾರ ಮೇಲೂ ಬಾರದು, ಎಲ್ಲರೂ ಒಳ್ಳೆಯವರೇ, ಕೂಸು ಮಾತ್ರ ಕೆಮ್ಮುತ್ತದೆ.

ನಿನ್ನೆ ಸಂಜೆ ಕೆಮ್ಮಿದ ಕೂಸು ಬೆಳಿಗ್ಗೆಗೂ ಕೆಮ್ಮುತ್ತಿತ್ತು, ಕೋಮಲಳ ತಾಯಿ, ಶಂಕ್ರೆಪ್ಪನ ಹೆಂಡತಿ, ತನ್ನ ನೆಗೆಣ್ಣಿ ರಾಜಶ್ರೀ ಅದರ ಎದೆಗೆ ಬೆಚ್ಚನೆಯ ಬಟ್ಟೆ ಇಡುತ್ತ ಒಂದು ಮಾತೂ ಆಡಲಿಲ್ಲ, ಆಡಿದ್ದರೆ ಚೆನ್ನಾಗಿತ್ತು, ನಿಮ್ಮ ಬಾಯಿಂದಾಗಿ ಅಕ್ಕಾ ಎಂದಿದ್ದರೆ ಎಷ್ಟೋ ಚೆನ್ನಾಗಿತ್ತು, ಇಪ್ಪತ್ತಾರು ವರ್ಷ ಒಂದೇ ಒಲೆಯ ಎರಡು ಮಗ್ಗುಲಿಗೆ ಕೂತವರು, ಒಬ್ಬಳು ಬಡಿದರೆ ಒಬ್ಬಳು ಬೇಯಿಸಿದವರು, ಮಾತಿಲ್ಲದೆಯೂ ತಿಳಿಯುತ್ತದೆ — ತಿಳಿದೇ ಹೊನ್ನವ್ವ ಈಗ ಹಿಟ್ಟಿನ ಕೈಯಲ್ಲೇ ಎದ್ದು ನಿಂತಳು, ಲಾರಿ ಶಾಲೆಯ ಮೈದಾನಕ್ಕೆ ಬಂದಿದೆ, ಮಧ್ಯಾಹ್ನಕ್ಕೆ ಹೊತ್ತಿಲ್ಲ, ರಾಜಶ್ರೀ, ಒಲಿ ಹೂಡು, ಎಂದಳು, ಶೆಡ್ಡಿನ ಆಚೆ ಕಡೆ ಹೂಡು, ಬರೇ ಫೋಟೊಕ್ಕ, ಆಮ್ಯಾಲ ಕೆಡವಿ ಬಿಡೂಣು, ಹೇಳಿ, ಅತ್ತೆ ಕೇಳಿಸಿಕೊಂಡರೇನೋ ಎಂಬಂತೆ ಒಮ್ಮೆ ಹಿಂದೆ ನೋಡಿದಳು. ರಾಜಶ್ರೀ ಎದ್ದು ಹೋದಳು, ಮೂರು ಕಲ್ಲು ತಂದಳು, ಮೂರೂ ಒಂದೇ ಎತ್ತರದವು, ಈ ಬಿದ್ದ ಊರಿನಲ್ಲಿ ಅಷ್ಟು ಬೇಗ ಒಂದೇ ಎತ್ತರದ ಮೂರು ಕಲ್ಲು ಎಲ್ಲಿ ಸಿಕ್ಕವು, ಒದ್ದೆ ಗೋಣಿಯ ಕೆಳಗಿಂದ ಮಣ್ಣಿನ ಮುದ್ದೆ ತೆಗೆದಳು, ಕಲಸಿ ನಾದಿ ಇಟ್ಟ ಮಣ್ಣು, ನಿನ್ನೆಯದೋ ಮೊನ್ನೆಯದೋ, ಹುಳಿತಷ್ಟೂ ಒಲೆ ಬಿರಿಯುವುದಿಲ್ಲ, ಅದು ಇಬ್ಬರಿಗೂ ಗೊತ್ತು, ಫೋಟೊಕ್ಕೆ ಹೂಡುವ ಒಲೆ ಬಿರಿದರೇನು ಬಿಟ್ಟರೇನು — ಹೊನ್ನವ್ವ ನೋಡುತ್ತ ನಿಂತಳು.

ಸುಜಾತಾ ಬಂದಳು, ಮೊಬೈಲ್ ಹಿಡಿದಳು, ಕೋಮಲ ಕೂಸನ್ನು ಎತ್ತಿಕೊಂಡು, ಶಂಕ್ರೆಪ್ಪ ಟೋಪಿ ಸರಿಮಾಡಿಕೊಂಡು, ರಾಜಶ್ರೀ ತೊಗರಿಕಟ್ಟಿಗೆಗೆ ಬೆಂಕಿ ಹಚ್ಚಿ ಒಲೆಯ ಮುಂದೆ ಕೂತರು, ಹೊಗೆ ಎದ್ದಿತು, ಅಕ್ಕಾರ, ನೀವೊಂದೀಟು ಆಚೆ ಸರೀರಿ, ಎಂದಳು ಸುಜಾತಾ, ಮೆಲ್ಲಗೆ, ತಪ್ಪು ತನ್ನದೇ ಎಂಬಂತೆ, ಒಲಿ ಬ್ಯಾರೆ ಅಲ್ಲೇನ್ರಿ, ನೀವು ಫೋಟೊದಾಗ ಬರಬಾರ್ದ್ರಿ. ಸರಿದಳು. ಇನ್ನೂ ಒಂದೀಟ್ರಿ, ನಿಮ್ಮ ನೆರಳು ಬೀಳಾಕತ್ತೈತಿ. ಇನ್ನೂ ಸರಿದಳು. ಹೆಸರು ಹಚ್ಚಿಯಾಯಿತು, ಸಂಜೆಯೊಳಗೆ ತಗಡು ಬರುತ್ತದೆ, ಕೂಸಿಗೊಂದು ಮೂಲೆ ಸಿಗುತ್ತದೆ, ಇದೇ ತಾನೇ ಬೇಕಾಗಿದ್ದದ್ದು, ಇಷ್ಟು ದಿನ ಇದಕ್ಕೇ ತಾನೇ ಒದ್ದಾಡಿದ್ದು, ಹೊನ್ನವ್ವ ತಂಬಿಗೆಯಲ್ಲಿ ನೀರು ತಂದಳು, ಸುಳ್ಳು ಬೆಂಕಿ ಹೆಚ್ಚು ಹೊತ್ತು ಉರಿಯಬಾರದು. ಇರ್ಲಿ ಬಿಡ್ರಿ ಅಕ್ಕಾ, ಎಂದಳು ರಾಜಶ್ರೀ, ಬಾಣಂತಿಗೆ ನೀರ ಕಾಸ್ಬೇಕು. ಕಾಸಲಿ, ಅದೂ ಸರಿಯೇ, ಒಂದು ಕೊಡ ನೀರಿಗೇನು. ಆಮೇಲೆ ರಾಜಶ್ರೀ ತಾಡಪತ್ರಿಯ ಒಳಗೆ ಬಂದು ಎದುರಿಗೆ ನಿಂತಳು, ಕೈಯಲ್ಲಿ ಚರ್ಚಿನವರು ಕೊಟ್ಟ ಸ್ಟೀಲಿನ ಬೋಗುಣಿ, ಒಂದ ಬೊಗಸಿ ಹಿಟ್ಟ ಕಡಾ ಕೊಡ್ರಿ ಅಕ್ಕಾ, ನಾಳೆ ಬೀಸಿದ ಕೂಡ್ಲೇ ತಿರುಗಿ ಕೊಡ್ತೇನಿ.

ಕಡಾ. ನಗುತ್ತಿದ್ದಾಳೇನೋ ಎಂದು ಮುಖ ನೋಡಿದರೆ ನಗು ಇಲ್ಲ, ಸಿಟ್ಟೂ ಇಲ್ಲ, ನೆರೆಮನೆಯ ಹೆಂಗಸು ಬಾಗಿಲಲ್ಲಿ ನಿಂತಂತೆ ನಿಂತಿದ್ದಾಳೆ, ಇದೇ ಪರಾತದ ಹಿಟ್ಟನ್ನು ನಿನ್ನೆ ಸಂಜೆ ಅವಳೇ ನಾದಿದ್ದಳು, ಬೋಗುಣಿ — ಸುಜಾತಾ ನೋಡಲೆಂದು ನಾಟಕ ಆಡುತ್ತಿದ್ದಾಳೆಯೇ, ಸುಜಾತಾ ಆಗಲೇ ಹೋಗಿಯಾಯಿತು, ಬೋಗುಣಿ — ತಗಡು ಬಂದ ಮೇಲೆ ಕೋಮಲಳ ಮೂಲೆಗೆ ಗೋಣಿ ಕಟ್ಟಬೇಕು, ಗಾಳಿ ಪಡುವಣದಿಂದ, ಬೋಗುಣಿ, ಗುರಲಿಂಗಪ್ಪನಿಗೆ ಏನು ಹೇಳುವುದು, ಏನೂ ಹೇಳದಿದ್ದರೂ ನಡೆಯುತ್ತದೆ, ಹೊಸ ಬೋಗುಣಿ, ಒಳಗೆ ಏನೂ ಇಲ್ಲ, ಅಂಚಿಗೆ ಅಂಟಿಸಿದ ಚೀಟಿಯನ್ನೂ ಇನ್ನೂ ಕಿತ್ತಿಲ್ಲ, ಎರಡು ಕೈಯಿಂದ ಹಿಡಿದಿದ್ದಾಳೆ, ಚಾಚಿ ಹಿಡಿದಿದ್ದಾಳೆ, ಬೋಗುಣಿ.