ಮರಳಿನ ಅಕ್ಷರ

ಭದ್ರಾವತಿಯ ಎರಕದ ಶೆಡ್ಡಿನಲ್ಲಿ ಮಾರಪ್ಪನದು ಮಂಡಿಯೂರಿ ಮಾಡುವ ಕೆಲಸ. ಸಂಸ್ಥಾನದ ರಸ್ತೆಗಳಿಗೆ ಊರ ಹೆಸರಿನ ಕಬ್ಬಿಣದ ಫಲಕಗಳು ಅಲ್ಲಿ ತಯಾರಾಗುತ್ತಿದ್ದವು. ಬೇರೆಯವರು ಮರದ ಅಚ್ಚನ್ನು ಮರಳಿಗೆ ಒತ್ತಿ ಎತ್ತಿಕೊಂಡು ಹೋದ ಮೇಲೆ, ಮರಳಲ್ಲಿ ಮೂಡಿದ ಅಕ್ಷರಗಳ ಅಂಚು ಉದುರಿದ್ದರೆ ಇವನು ತಿದ್ದಬೇಕು. ಎರಕ ಹೊಯ್ದ ಫಲಕ ಬಿಡಿಸುತ್ತಿದ್ದುದು ಶೆಡ್ಡಿನ ಆಚೆ ತುದಿಯಲ್ಲಿ, ಅದು ಇವನ ಕಣ್ಣಿಗೆ ಬೀಳುತ್ತಿರಲಿಲ್ಲ. ಹನ್ನೆರಡು ವರ್ಷ ತಿದ್ದಿ ತಿದ್ದಿ ಮಂಡಿ ಸವೆದಿದ್ದವು.

ಅಚ್ಚಿನ ಕೋಣೆಯಲ್ಲಿ ಒಂದು ಜಾಗ ಖಾಲಿಯಾಗುತ್ತದೆಂದು ಮೂರು ವರ್ಷದಿಂದ ಸುದ್ದಿಯಿತ್ತು. ಸ್ಟೂಲಿನ ಮೇಲೆ ಕೂತು, ಕೇಳಿದ ಊರಿನ ಅಚ್ಚು ಹುಡುಕಿಕೊಟ್ಟು ಚೀಟಿ ಬರೆಯುವ ಕೆಲಸ. ಕೂತು! ಅಂದಿನಿಂದ ಓದುಬರಹ ಬಾರದ ಮಾರಪ್ಪ ಅಕ್ಷರದ ಬೆನ್ನುಬಿದ್ದ. ಯಾರನ್ನೂ ಕೇಳಲಿಲ್ಲ. "ಇವತ್ತು ತರೀಕೆರೆ" ಎಂದು ಮೇಸ್ತ್ರಿ ಕೂಗಿದರೆ ಮರಳಲ್ಲಿರುವುದು ತರೀಕೆರೆ. ಅಲ್ಲಿ ಕಂಡ ಕೆರೆ ಅರಸೀಕೆರೆಯಲ್ಲೂ ಸಿಕ್ಕಿತು. ಹಾಗೇ ಒಂದೊಂದಾಗಿ ಬೆರಳಿಗೆ ಹತ್ತಿಸಿಕೊಂಡ. ಪೇಟೆಯ ಅಂಗಡಿ ಬೋರ್ಡುಗಳು ಮಾತ್ರ ಬಗ್ಗಲಿಲ್ಲ. ಅದು ಪೇಟೆಯವರ ಬರವಣಿಗೆ ಇರಬೇಕು ಎಂದುಕೊಂಡು ಸುಮ್ಮನಾದ.

ಜಾಗ ಖಾಲಿಯಾದ ದಿನ ಅಚ್ಚಿನ ಕೋಣೆಯ ಗುಮಾಸ್ತ ನರಸಿಂಹಮೂರ್ತಿ ಸ್ಲೇಟು ಕೊಟ್ಟು, "ಶಿವಮೊಗ್ಗ ಬರಿಯಪ್ಪ" ಎಂದರು.

ಮಾರಪ್ಪ ಬಲತುದಿಯಿಂದ ಶುರುಮಾಡಿದ.

"ಏನಯ್ಯ, ಉರ್ದು ಕಲ್ತಿದೀಯಾ?" ಮೂರ್ತಿಗಳು ನಕ್ಕರು. ಸ್ಲೇಟು ತಮ್ಮತ್ತ ತಿರುಗಿಸಿಕೊಂಡ ಮೇಲೆ ನಗು ಹಾಗೇ ಇಳಿಯಿತು. ಎದ್ದು ಹೋಗಿ ಶಿವಮೊಗ್ಗದ ಮರದ ಅಚ್ಚನ್ನು ತಂದು ಸ್ಲೇಟಿನ ಪಕ್ಕಕ್ಕಿಟ್ಟರು.

"ಒಂದಕ್ಷರಾನೂ ತಪ್ಪಿಲ್ಲ ಕಣಯ್ಯ. ಆದ್ರೆ ನೀನು ಕಲ್ತಿರೋದು ಮರಳಿಗೆ ಬಿದ್ದಿದ್ದನ್ನ. ಕನ್ನಡೀಲಿ ಕಂಡ ಹಾಗೆ ಎಲ್ಲಾ ಮಗುಚಿಕೊಂಡಿದೆ."

ಮಾರಪ್ಪ ಎರಡನ್ನೂ ನೋಡಿದ. ತುಂಬ ಹೊತ್ತು ನೋಡಿದ. ಮೂರು ವರ್ಷ ಅಷ್ಟಗಲ ಸ್ಲೇಟಿನಲ್ಲಿ ಬೆನ್ನು ತಿರುಗಿಸಿ ಕೂತಿತ್ತು.

"ಯಾರನ್ನಾದ್ರೂ ಒಂದ್ ಮಾತು ಕೇಳ್ಬಾರ್ದಾಗಿತ್ತಾ, ಮಾರಾಯ?"

"ನಲ್ವತ್ತು ದಾಟಿದೋನು, ಯಾರನ್ನ ಕೇಳ್ಲಿ ಸ್ವಾಮಿ? ನಗಾಡ್ತಾರೆ."

"ಸೋಮವಾರ ಇಲ್ಲಿಗೆ ಒಬ್ಬರನ್ನ ಹಾಕ್ಲೇಬೇಕು. ಅಷ್ಟ್ರಲ್ಲಿ ತಿರುಗಿಸ್ಕೊಳ್ಳೋಕೆ ಆಗುತ್ತಾ?"

ಮಾರಪ್ಪ ಸ್ಲೇಟು ಒರೆಸಿ ಎಡಗಡೆ ಬಳಪ ಊರಿದ. ಕೈ ತನ್ನಷ್ಟಕ್ಕೇ ಹಳೇ ಬಲತುದಿಗೇ ಎಳೆಯಿತು. ಮತ್ತೆ ಊರಿದ, ಮತ್ತೆ ಎಳೆಯಿತು.

"ಆಗಲ್ಲ ಸ್ವಾಮಿ. ನಮ್ಮ ಶೆಡ್ಡಿನ ರಂಗಪ್ಪನ್ನ ಹಾಕ್ಕೊಳ್ಳಿ. ಅವ್ನು ಇಸ್ಕೂಲಿಗೆ ಹೋಗಿ ಕಲ್ತೋನು."

ಮಾರಪ್ಪ ಮಂಡಿಗೆ ಕೈ ಕೊಟ್ಟು ಎದ್ದು ಬಾಗಿಲತನಕ ನಡೆದ. ಅಲ್ಲಿ ನಿಂತ. ಹೊರಗೆ ಇಬ್ಬರು ಹರಟುತ್ತಿದ್ದರು. ಅವರು ದಾಟಿ ಹೋಗುವವರೆಗೂ ಕಾದ.

"ಸ್ವಾಮಿ," ಎಂದ, ತಿರುಗಿ ನೋಡದೆಯೇ, "ಈ 'ಶಿ' ಅನ್ನೋದನ್ನ ಎತ್ಲಾಗಿಂದ ಶುರು ಮಾಡ್ತಾರೆ?"